ಬರೆದ ಮೇಲೆ ಕಪ್ಪಾಗುವ ಶಾಯಿ

ಮಾಚಿಕಾಯಿಯ ಕಷಾಯಕ್ಕೆ ಅನ್ನಭೇದಿ, ಅಂದರೆ ಕಬ್ಬಿಣದ ಸಲ್ಫೇಟ್, ಬೆರೆಸಿ ತಯಾರಿಸಿದ ಶಾಯಿಯಲ್ಲಿ ಬರೆಯುವಾಗಲೆಲ್ಲ ಒಂದು ಸಂಗತಿ ನನ್ನನ್ನು ಕಾಡುತ್ತದೆ. ಲೇಖನಿ ಎಳೆದ ಗೆರೆ ಆ ಕ್ಷಣಕ್ಕೆ ತಿಳಿಬೂದು ಬಣ್ಣದ್ದಾಗಿರುತ್ತದೆ. ಅಕ್ಷರದ ತಿರುವು ಸರಿಯಾಗಿ ಬಂದಿತೇ, ಗೆರೆಯ ಅಂಚು ಚೊಕ್ಕವಾಗಿದೆಯೇ ಎಂದು ಖಚಿತವಾಗಿ ಹೇಳುವಷ್ಟು ಕಪ್ಪು ಅದರಲ್ಲಿ ಇರುವುದಿಲ್ಲ. ಕೆಳಗಿನ ಸಾಲುಗಳಿಗೆ ಇಳಿಯುವ ಹೊತ್ತಿಗೆ ಮೇಲಿನ ಸಾಲು ಗಾಢವಾಗತೊಡಗಿರುತ್ತದೆ, ಮರುದಿನ ಬೆಳಗ್ಗೆ ನೋಡಿದರೆ ಇಡೀ ಪುಟ ಕಪ್ಪಾಗಿರುತ್ತದೆ. ಅಂದರೆ ಬರೆಯುವವನು ತನ್ನ ಬರಹವನ್ನು ಪೂರ್ತಿಯಾಗಿ ಕಾಣುವುದು ಬರೆದು ಮುಗಿಸಿದ ಮೇಲೆ, ತಿದ್ದುವ ಅವಕಾಶ ಕಳೆದುಹೋದ ಮೇಲೆ. ಸುಂದರ ಬರವಣಿಗೆಯೆಂದರೆ ಕಣ್ಣು ಮತ್ತು ಕೈಗಳ ಹೊಂದಾಣಿಕೆ ಎಂದು ನಂಬಿಕೊಂಡಿದ್ದ ನನಗೆ, ಕಣ್ಣಿಗೆ ಅರ್ಧ ಸಾಕ್ಷ್ಯವನ್ನಷ್ಟೇ ಕೊಡುವ ಈ ಶಾಯಿಯಲ್ಲಿ ಲಿಪಿಕಾರರು ಅಷ್ಟೊಂದು ಶತಮಾನಗಳ ಕಾಲ ಹೇಗೆ ಬರೆದರು ಎಂಬ ಪ್ರಶ್ನೆ ಬಿಡದೆ ಬೆನ್ನು ಹತ್ತಿತು. ನಾಲ್ಕನೆಯ ಶತಮಾನದ ಗ್ರೀಕ್ ಬೈಬಲ್ಲಾದ ಕೋಡೆಕ್ಸ್ ಸಿನೈಟಿಕಸ್ ಇದೇ ಬಗೆಯ ಕಬ್ಬಿಣದ ಶಾಯಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದವರೆಗೂ ಯುರೋಪಿನ ಕಚೇರಿ ದಾಖಲೆಗಳು, ಖಾಸಗಿ ಪತ್ರಗಳು, ಸಂಗೀತದ ಹಸ್ತಪ್ರತಿಗಳು ಬಹುಪಾಲು ಇದರಲ್ಲಿಯೇ ಬರೆದವು.

ಬೇರೆ ಬೇರೆ ವಸ್ತುಗಳಿಂದ ಶಾಯಿ ಮಾಡುತ್ತ, ಅವುಗಳಿಂದ ಬರೆಯುತ್ತ ಹೋದಂತೆ ನನ್ನ ಯೋಚನೆ ಒಂದು ಕಡೆಗೆ ವಾಲಿದೆ. ಶಾಯಿಯನ್ನು ನಾವು ಮೊದಲು ಅಳೆಯುವುದು ಬಣ್ಣದಿಂದ. ಆದರೆ ಬರೆಯುವವನಿಗೆ ಮುಖ್ಯವಾಗಬೇಕಾದದ್ದು ಅದು ಹಾಳೆಯೊಂದಿಗೆ ಏನು ಮಾಡುತ್ತದೆ ಎಂಬುದು: ಹಾಳೆಯ ಮೇಲೆ ಕುಳಿತಿರುತ್ತದೆಯೇ, ನಾರಿನೊಳಕ್ಕೆ ಇಳಿದು ಅಲ್ಲಿ ಬೇರೆಯೇ ವಸ್ತುವಾಗುತ್ತದೆಯೇ, ಅಥವಾ ಕೆಲವು ಕಾಲ ಇದ್ದು ಬೆಳಕಿಗೆ ಸೋತು ಹೊರಟುಹೋಗುತ್ತದೆಯೇ? ನಿಬ್ಬಿನ ಅಗಲ, ಅಕ್ಷರದ ಗಾತ್ರ, ಕೈಯ ವೇಗ, ತಪ್ಪಿದರೆ ಮಾಡಬೇಕಾದ ಉಪಾಯ, ಇವೆಲ್ಲ ಆ ಉತ್ತರದಿಂದಲೇ ತೀರ್ಮಾನವಾಗುತ್ತವೆ.

ಕಣಜ, ಮರ, ಕಬ್ಬಿಣ

ಮಾಚಿಕಾಯಿ ನಿಜಕ್ಕೂ ಕಾಯಿಯಲ್ಲ. ಓಕ್ ಮರದ ಎಳೆಯ ಚಿಗುರಿನಲ್ಲಿ ಒಂದು ಜಾತಿಯ ಸಣ್ಣ ಕಣಜ ಮೊಟ್ಟೆಯಿಟ್ಟಾಗ, ಆ ಮೊಟ್ಟೆಯ ಸುತ್ತ ಮರದ ಅಂಗಾಂಶವೇ ಊದಿಕೊಂಡು ಗುಂಡಗಿನ ಗಂಟಾಗುತ್ತದೆ. ಮರಿಹುಳು ಅದರೊಳಗೆ ಬೆಳೆದು, ಕೊನೆಗೆ ಗೋಡೆ ಕೊರೆದು ಹೊರಬರುತ್ತದೆ. ಕಣಜ ಹೊರಬರುವ ಮುನ್ನವೇ ಕೊಯ್ದ, ತೂತಿಲ್ಲದ ಗಂಟುಗಳನ್ನು ಶಾಯಿ ಮಾಡುವವರು ಹುಡುಕುತ್ತಿದ್ದರು, ಏಕೆಂದರೆ ಕಬ್ಬಿಣದೊಂದಿಗೆ ಸೇರಿ ಕಪ್ಪಾಗುವ ಒಗರು ವಸ್ತುವಾದ ಟ್ಯಾನಿನ್ ಅವುಗಳಲ್ಲಿ ಹೆಚ್ಚು. ಅಲೆಪ್ಪೊ ನಗರದ ಹೆಸರಿನಲ್ಲಿ ವ್ಯಾಪಾರವಾಗುತ್ತಿದ್ದ ಒಳ್ಳೆಯ ಗಂಟುಗಳಲ್ಲಿ ತೂಕದ ಅರ್ಧಕ್ಕೂ ಮಿಕ್ಕಿ ಟ್ಯಾನಿನ್ನೇ ಇರುತ್ತದೆ. ಅಳಲೆಕಾಯಿ, ದಾಳಿಂಬೆಯ ಸಿಪ್ಪೆ, ಹಲವು ಮರಗಳ ತೊಗಟೆ, ಇವೂ ಟ್ಯಾನಿನ್ ಕೊಡುತ್ತವೆ ಮತ್ತು ಇವುಗಳಿಂದಲೂ ಶಾಯಿಯಾಗುತ್ತದೆ. ಆದರೆ ಮಾಚಿಕಾಯಿಯ ಕಪ್ಪಿನಲ್ಲಿರುವ ತುಸು ನೇರಳೆಯ ಆಳ ಅವುಗಳಲ್ಲಿ ನನಗೆ ಸಿಕ್ಕಿಲ್ಲ.

ಈ ಶಾಯಿಯನ್ನು ಮಾಡಿದ ಒಂದು ಸಂದರ್ಭ ನನ್ನ ನೆನಪಿನಲ್ಲಿ ಹಾಗೆಯೇ ಉಳಿದಿದೆ. ಜಜ್ಜಿದ ಮಾಚಿಕಾಯಿಯನ್ನು ನೀರಿನಲ್ಲಿ ನೆನೆಹಾಕಿ, ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಮೂಲೆಯಲ್ಲಿಟ್ಟಿದ್ದೆ. ಮೇಲೆ ದಪ್ಪನೆಯ ಬೂಷ್ಟು ಕಟ್ಟಿತ್ತು. ಮನೆಗೆ ಬಂದಿದ್ದ ತಂಗಿಯ ಮಗಳು ಅದನ್ನು ನೋಡಿ ಮೂಗು ಮುಚ್ಚಿಕೊಂಡಳು. ಆದರೆ ಬೂಷ್ಟು ಬರಲಿ ಎಂದೇ ನಾನು ಕಾಯುತ್ತಿದ್ದುದು, ಏಕೆಂದರೆ ಅದರ ಕಿಣ್ವಗಳು ಟ್ಯಾನಿನ್ನನ್ನು ಒಡೆದು ಗ್ಯಾಲಿಕ್ ಆಮ್ಲವಾಗಿಸುತ್ತವೆ, ಮತ್ತು ಹಾಗೆ ಹುದುಗಿದ ಕಷಾಯದಿಂದ ಬರುವ ಕಪ್ಪು ಹೆಚ್ಚು ಗಟ್ಟಿಯಾದದ್ದು. ಸೋಸಿದಾಗ ದ್ರವ ಕಂದು ಬಣ್ಣದ್ದಾಗಿತ್ತು. ಪಕ್ಕದ ಗಾಜಿನ ಲೋಟದಲ್ಲಿ ಅನ್ನಭೇದಿಯ ಹರಳುಗಳು ಕರಗಿ ತೆಳು ಹಸಿರು ನೀರಾಗಿತ್ತು. ಎರಡನ್ನೂ ಬೆರೆಸಿದ ಕೂಡಲೇ ಲೋಟದೊಳಗೆ ಕತ್ತಲೆ ಹರಡಿತು. “ಮಾಮ, ಕಪ್ಪು ಬಣ್ಣ ಯಾವಾಗ ಹಾಕಿದೆ?” ಎಂದು ಅವಳು ಕೇಳಿದಳು. ಯಾರೂ ಹಾಕಿಲ್ಲವೆಂದರೆ ಅವಳು ಒಪ್ಪಲಿಲ್ಲ. ಕುಂಚವನ್ನು ಅದ್ದಿ ಹಾಳೆಯ ಮೇಲೆ ತನ್ನ ಹೆಸರು ಬರೆದು, ಅದು ಮಂಕಾಗಿ ಮೂಡಿದ್ದನ್ನು ಕಂಡು, “ಇದು ಕಪ್ಪೇ ಅಲ್ಲ, ಸುಳ್ಳು ಶಾಯಿ” ಎಂದು ತೀರ್ಪು ಕೊಟ್ಟು ಆಟಕ್ಕೆ ಹೋದಳು. ಸಂಜೆ ಮರಳಿ ಬಂದಾಗ ಹೆಸರು ಕಪ್ಪಾಗಿತ್ತು. ಯಾರೋ ಮೇಲೆ ತೀಡಿದ್ದಾರೆಂದೇ ಅವಳ ವಾದ.

ಅವಳ ಎರಡು ಮಾತುಗಳಲ್ಲೂ ಒಂದಿಷ್ಟು ನಿಜವಿತ್ತು. ಲೋಟದಲ್ಲಿ ದ್ರವದ ಆಳ ಹೆಚ್ಚಿರುವುದರಿಂದ ಅದು ಕಪ್ಪಾಗಿ ತೋರುತ್ತದೆ, ಹಾಳೆಯ ಮೇಲಿನ ತೆಳುವಾದ ಪದರಕ್ಕೆ ಆ ಆಳವಿಲ್ಲ. ಅಲ್ಲಿ ಕಬ್ಬಿಣ ಇನ್ನೂ ಫೆರಸ್ ರೂಪದಲ್ಲಿ, ನೀರಿನಲ್ಲಿ ಕರಗಿದ ಸ್ಥಿತಿಯಲ್ಲಿದ್ದು ನಾರುಗಳ ಸಂದಿಗೆ ಇಳಿಯುತ್ತದೆ. ಗಾಳಿಯ ಆಮ್ಲಜನಕ ತಾಗಿದಂತೆ ಫೆರಿಕ್ ರೂಪಕ್ಕೆ ಬದಲಾಗಿ, ನೀರಿನಲ್ಲಿ ಕರಗದ ಕಪ್ಪು ಸಂಯುಕ್ತವಾಗಿ ಅಲ್ಲಿಯೇ ನೆಲೆಗೊಳ್ಳುತ್ತದೆ. ಹಳೆಯ ಲಿಪಿಕಾರರು ಕುರುಡಾಗಿ ಬರೆಯುತ್ತಿದ್ದರೇ ಎಂಬ ನನ್ನ ಪ್ರಶ್ನೆಯ ಬಿರುಸು ಇಲ್ಲಿ ತುಸು ತಗ್ಗಿತು. ಗಾಳಿಯಾಡಿ ಹಳತಾದ ಶಾಯಿ ಆಗಲೇ ಒಂದಿಷ್ಟು ಕಪ್ಪಾಗಿರುತ್ತದೆ. ಕೆಲವರು ಕಬ್ಬಿಣದ ಶಾಯಿಗೆ ಕಾಡಿಗೆ ಬೆರೆಸಿ ಆ ಕ್ಷಣದ ಕಪ್ಪನ್ನು ಪಡೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳು ಇದೇ ಕೊರತೆಯನ್ನು ನೀಗಿಸಲು ತಾತ್ಕಾಲಿಕವಾದ ನೀಲಿ ಬಣ್ಣವೊಂದನ್ನು ಸೇರಿಸಿದವು. ನೀಲಿಯಾಗಿ ಮೂಡಿ ಕಪ್ಪಾಗಿ ನಿಲ್ಲುವ ಆ ಶಾಯಿಯೇ ಬ್ಲೂ-ಬ್ಲ್ಯಾಕ್. ಇಷ್ಟಾದರೂ ಮಂಕು ಗೆರೆಯಲ್ಲಿ ಬರೆಯುವ ಅಭ್ಯಾಸದಿಂದ ನನಗೊಂದು ಲಾಭವಾಗಿದೆ: ಬರೆದದ್ದನ್ನು ಹಿಂದಿರುಗಿ ನೋಡಿ ನೋಡಿ ಮೆಚ್ಚಿಕೊಳ್ಳುವ ಚಟ ಬಿಟ್ಟು, ನಿಬ್ಬಿನ ಕೋನದ ಮೇಲೆ ಗಮನವಿಡುವುದು ಸಾಧ್ಯವಾಗಿದೆ.

ಶಾಯಿ ಹಾಳೆಯೊಳಗೆ ಇಳಿಯುವುದಕ್ಕೆ ಬೆಲೆ ತೆರಬೇಕಾಗುತ್ತದೆ. ಇದೇ ಪ್ರಕ್ರಿಯೆಯಲ್ಲಿ ಗಂಧಕಾಮ್ಲ ಹುಟ್ಟುತ್ತದೆ. ಟ್ಯಾನಿನ್ನಿಗೆ ಸಿಗದೆ ಉಳಿದ ಕಬ್ಬಿಣವೂ ಕಾಗದದ ನಾರಿನ ಮೂಲವಸ್ತುವಾದ ಸೆಲ್ಯುಲೋಸನ್ನು ಒಡೆಯುವ ಕೆಲಸಕ್ಕೆ ವೇಗ ಕೊಡುತ್ತದೆ. ಬರ್ಲಿನ್ನಿನ ಸ್ಟೇಟ್ ಲೈಬ್ರರಿಯಲ್ಲಿರುವ ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಹಸ್ತಪ್ರತಿಗಳಲ್ಲಿ ಸ್ವರಚಿಹ್ನೆಗಳ ತುಂಬಿದ ತಲೆಗಳಿದ್ದಲ್ಲಿ ಕಾಗದವೇ ತಿಂದುಹೋಗಿ, ಹಲವು ಹಾಳೆಗಳನ್ನು ಎರಡು ಪದರಗಳಾಗಿ ಬಿಡಿಸಿ, ನಡುವೆ ತೆಳುಗಾಗದವನ್ನಿಟ್ಟು ಮತ್ತೆ ಅಂಟಿಸಬೇಕಾಯಿತು. ಎಲ್ಲಿ ಶಾಯಿ ದಪ್ಪವೋ ಅಲ್ಲಿ ಹಾನಿ ಹೆಚ್ಚು; ಅಗಲ ನಿಬ್ಬಿನಲ್ಲಿ ಗೆರೆಯನ್ನು ತುಂಬಿಸಿ ಬರೆಯಲು ಆಸೆಪಡುವ ನಮ್ಮಂಥವರಿಗೆ ಇದು ನೇರವಾಗಿ ತಟ್ಟುವ ಸಂಗತಿ. ಇಂಗ್ಲೆಂಡಿನ ವಿಲಿಯಂ ಲೂಯಿಸ್ 1760ರ ದಶಕದಲ್ಲಿ ಬೇರೆ ಬೇರೆ ಪ್ರಮಾಣಗಳನ್ನು ಹೋಲಿಸಿ ನೋಡಿ, ಮೂರು ಪಾಲು ಮಾಚಿಕಾಯಿಗೆ ಒಂದು ಪಾಲು ಅನ್ನಭೇದಿ ಸೇರಿದರೆ ಬರಹ ಚೆನ್ನಾಗಿ ಉಳಿಯುತ್ತದೆ ಎಂಬ ತೀರ್ಮಾನಕ್ಕೆ ಬಂದರು. ಅದಕ್ಕೂ ಹಿಂದಿನ ಎಷ್ಟೋ ವಿಧಾನಗಳಲ್ಲಿ ಅನ್ನಭೇದಿ ಇದಕ್ಕಿಂತ ಬಹಳ ಹೆಚ್ಚು. 1990ರ ದಶಕದಲ್ಲಿ ನೆದರ್‌ಲೆಂಡ್ಸ್‌ನ ಸಂರಕ್ಷಣಾ ವಿಜ್ಞಾನಿಗಳು, ಬೀಜಗಳಲ್ಲಿ ಸಹಜವಾಗಿ ಸಿಗುವ ಫೈಟಿಕ್ ಆಮ್ಲದ ಕ್ಯಾಲ್ಸಿಯಂ ಲವಣದಿಂದ ಹೆಚ್ಚುವರಿ ಕಬ್ಬಿಣವನ್ನು ಕಟ್ಟಿಹಾಕಿ, ಅನಂತರ ಆಮ್ಲವನ್ನು ತಟಸ್ಥಗೊಳಿಸುವ ಚಿಕಿತ್ಸೆಯನ್ನು ರೂಪಿಸಿದರು. ಗಿಡದ ಟ್ಯಾನಿನ್ನಿಂದ ಹುಟ್ಟಿದ ಶಾಯಿಯ ಹಾನಿಗೆ ಮತ್ತೊಂದು ಗಿಡಮೂಲದ ಆಮ್ಲವೇ ಮದ್ದಾದದ್ದು ಆಕಸ್ಮಿಕವಿರಬಹುದು, ಆದರೂ ನನಗೆ ಇಷ್ಟವಾದ ಆಕಸ್ಮಿಕ.

ಹೂವಿನ ಶಾಯಿಯ ಬಗ್ಗೆ ನನ್ನ ತಕರಾರು

ನೈಸರ್ಗಿಕ ಶಾಯಿ ಎಂದ ಕೂಡಲೇ ಹೆಚ್ಚಿನವರ ಮನಸ್ಸಿಗೆ ಬರುವುದು ಮಾಚಿಕಾಯಿಯೂ ಅಲ್ಲ, ಕಾಡಿಗೆಯೂ ಅಲ್ಲ; ದಾಸವಾಳ, ಶಂಖಪುಷ್ಪ, ಹಣ್ಣುಗಳ ರಸ, ಅರಿಸಿನ. ಇವುಗಳನ್ನು ಕುದಿಸಿ ಸೋಸಿ ಶೀಶೆಗೆ ತುಂಬಿಟ್ಟಾಗ ಕಿಟಕಿಯ ಬೆಳಕಿನಲ್ಲಿ ಸಾಲಾಗಿ ಹೊಳೆಯುವ ಬಣ್ಣಗಳನ್ನು ನೋಡಿ ಮನಸೋಲದವರು ಯಾರು? ಆದರೆ ಅವುಗಳನ್ನು ಅದೇ ಕಿಟಕಿಯಲ್ಲಿ ಇಟ್ಟಿರುವುದೇ ಅವುಗಳಿಗೆ ಮಾಡುವ ದೊಡ್ಡ ಅನ್ಯಾಯ. ಕೆಂಪು, ನೇರಳೆ, ನೀಲಿ ಹೂಗಳ ಬಣ್ಣಕ್ಕೆ ಬಹುಪಾಲು ಕಾರಣವಾದ ಆಂಥೊಸಯನಿನ್‌ಗಳು ನೀರಿನಲ್ಲಿ ಕರಗುವ ವರ್ಣಗಳು. ಹುಳಿ ತಾಗಿದರೆ ಕೆಂಪಿನ ಕಡೆಗೆ, ಕ್ಷಾರ ತಾಗಿದರೆ ನೀಲಿ-ಹಸಿರಿನ ಕಡೆಗೆ ಹೊರಳುತ್ತವೆ. ಬೆಳಕು ಬಿದ್ದಂತೆ ಅವುಗಳ ಅಣುರಚನೆಯೇ ಮುರಿದು ಬಣ್ಣ ಕಳೆದುಕೊಳ್ಳುತ್ತವೆ. ಅರಿಸಿನದ ಹಳದಿ ಬಿಸಿಲಿನಲ್ಲಿ ಎಷ್ಟು ಬೇಗ ಸೋಲುತ್ತದೆಂದರೆ, ಬರೆದ ಹಾಳೆಯ ಅರ್ಧವನ್ನು ಮುಚ್ಚಿ ಬಿಸಿಲಿಗಿಟ್ಟು ನೋಡಿದವರಿಗೆ ಬೇರೆ ವಿವರಣೆಯೇ ಬೇಕಾಗುವುದಿಲ್ಲ. ನನ್ನ ಅಭ್ಯಾಸದ ಹಳೆಯ ಪುಸ್ತಕದಲ್ಲಿ ಹಣ್ಣಿನ ರಸದಲ್ಲಿ ಬರೆದ ನೇರಳೆ ಸಾಲುಗಳು ಈಗ ಮಾಸಲು ಕಂದಾಗಿವೆ, ಅವುಗಳ ನಡುವೆ ಕಾಡಿಗೆಯಲ್ಲಿ ಬರೆದ ಶೀರ್ಷಿಕೆ ಮಾತ್ರ ಬರೆದ ದಿನದಷ್ಟೇ ಕಪ್ಪಾಗಿದೆ.

ಹೂವಿನ ಶಾಯಿಯನ್ನು ಮಾಡಬಾರದೆಂದು ನಾನು ಹೇಳುತ್ತಿಲ್ಲ. ಮಕ್ಕಳೊಂದಿಗೆ ಮಾಡಲು, ಒಂದು ಶುಭಾಶಯ ಪತ್ರ ಬರೆಯಲು ಅದಕ್ಕಿಂತ ಸಂತೋಷದ ಕೆಲಸವಿಲ್ಲ. ನನ್ನ ತಕರಾರು ‘ನೈಸರ್ಗಿಕ’ ಎಂಬ ವಿಶೇಷಣವನ್ನೇ ಗುಣದ ಪ್ರಮಾಣಪತ್ರವೆಂದು ತಿಳಿಯುವ ಧೋರಣೆಯ ಬಗ್ಗೆ. ಅನ್ನಭೇದಿಯೂ ನೆಲದಿಂದ ಬಂದದ್ದೇ, ಆದರೂ ಕಾಗದವನ್ನು ತಿನ್ನುತ್ತದೆ. ಜೀವಮೂಲದ ಬಣ್ಣಗಳೆಲ್ಲ ಅಲ್ಪಾಯುಷಿಗಳು ಎಂಬುದೂ ಸರಿಯಲ್ಲ. ಸಮುದ್ರದ ಕಟಲ್‌ಫಿಶ್ ಜೀವಿಯ ಚೀಲದಿಂದ ತೆಗೆಯುವ ಸೀಪಿಯಾ ಶಾಯಿಯ ಬಣ್ಣ ಮೆಲನಿನ್. ಅದರ ಗಟ್ಟಿತನ ಎಂಥದ್ದೆಂದರೆ, ಇಂಗ್ಲೆಂಡಿನ ಪಳೆಯುಳಿಕೆ ಸಂಗ್ರಾಹಕಿ ಎಲಿಜಬೆತ್ ಫಿಲ್ಪಾಟ್ 1833ರಲ್ಲಿ, ಬೆಲೆಮ್ನೈಟ್ ಎಂಬ ಅಳಿದ ಜೀವಿಯ ಪಳೆಯುಳಿಕೆಯಲ್ಲಿ ಸಿಕ್ಕ ಜುರಾಸಿಕ್ ಕಾಲದ ಶಾಯಿಯನ್ನು ನೀರಿನಲ್ಲಿ ಕಲಸಿ, ಇಕ್ತಿಯೋಸಾರ್ ಎಂಬ ಅಳಿದ ಕಡಲ ಸರೀಸೃಪದ ತಲೆಬುರುಡೆಯ ಚಿತ್ರವನ್ನು ಬರೆದರು. ಹತ್ತಿರ ಹತ್ತಿರ 20 ಕೋಟಿ ವರ್ಷ ಕಲ್ಲಿನೊಳಗಿದ್ದ ಶಾಯಿ ಕುಂಚಕ್ಕೆ ಬಂದು ಮತ್ತೆ ಹರಿಯಿತು. ಇಷ್ಟು ಹೇಳಿದ ಮೇಲೆ ದಾಸವಾಳದ ಶೀಶೆಯನ್ನು ಬೀರುವಿನ ಕತ್ತಲೆಯಲ್ಲಿಡಿ ಎಂಬ ಸಲಹೆಯನ್ನಷ್ಟೇ ಕೊಡಬಲ್ಲೆ.

ಅಂಟಿನ ಕೆಲಸ

ಕಾಡಿಗೆಗೆ ಬೆಳಕಿನ ಭಯವಿಲ್ಲ, ಏಕೆಂದರೆ ಅದು ಉರಿದು ಉಳಿದ ಇಂಗಾಲ. ಬೆಳಕಿಗಾಗಲಿ ಗಾಳಿಗಾಗಲಿ ಅದರಿಂದ ಕಿತ್ತುಕೊಳ್ಳುವುದಕ್ಕೆ ಹೆಚ್ಚೇನೂ ಉಳಿದಿಲ್ಲ. ಅದರ ತೊಂದರೆ ಬೇರೆ: ನೀರಿನಲ್ಲಿ ಅದು ಕರಗುವುದೇ ಇಲ್ಲ. ದೀಪದ ಕುಡಿಯ ಮೇಲೆ ಹಿಡಿದ ತಟ್ಟೆಯಿಂದ ಕೆರೆದ ಕಾಡಿಗೆಯನ್ನು ಬರಿಯ ನೀರಿಗೆ ಹಾಕಿದರೆ ಮೇಲೆಯೇ ತೇಲುತ್ತದೆ, ಬಲವಂತದಿಂದ ಕಲಕಿದರೆ ಸ್ವಲ್ಪ ಹೊತ್ತಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ತಳಕ್ಕಿಳಿಯುತ್ತವೆ. ಗೋಂದು ಇಲ್ಲಿ ಪ್ರವೇಶಿಸುತ್ತದೆ. ಜಾಲಿಯ ಜಾತಿಗೆ ಸೇರಿದ ಮರಗಳ ಗಮ್ ಅರೇಬಿಕ್ ಆಗಲಿ, ಪೂರ್ವ ಏಷ್ಯಾದಲ್ಲಿ ಬಳಸುವ, ಪ್ರಾಣಿಗಳ ಚರ್ಮದಿಂದ ತೆಗೆದ ಅಂಟಾಗಲಿ, ಪ್ರತಿಯೊಂದು ಕಣದ ಸುತ್ತಲೂ ಹೊದಿಕೆಯಾಗಿ ನಿಂತು, ಅವು ಗುಂಪುಗೂಡದಂತೆ ತಡೆಯುತ್ತದೆ. ಒಣಗಿದ ಮೇಲೆ ಅವುಗಳನ್ನು ಹಾಳೆಗೆ ಹಿಡಿದಿಡುತ್ತದೆ. ನೀರಿನಲ್ಲಿ ತೇಯ್ದು ಬಳಸುವ ಚೀನಾ-ಜಪಾನುಗಳ ಶಾಯಿಕಡ್ಡಿಯಲ್ಲಿರುವುದು ಕಾಡಿಗೆ ಮತ್ತು ಅಂಟು ಇವೆರಡೇ, ಜೊತೆಗೆ ತುಸು ಸುಗಂಧ. ಎಣ್ಣೆಯ ದೀಪದ ಕಾಡಿಗೆ ನುಣುಪಾಗಿದ್ದು ಕಂದಿನ ಛಾಯೆಯ ಕಪ್ಪನ್ನು ಕೊಡುತ್ತದೆ, ಪೈನ್ ಮರದ ಹೊಗೆಯ ಕಾಡಿಗೆ ನೀಲಿಯ ಛಾಯೆಯದನ್ನು. ಜಪಾನಿನ ನಾರಾ ನಗರದ ಕುಶಲಿಗಳು ಶಾಯಿಕಡ್ಡಿಯನ್ನು ಚಳಿಯ ತಿಂಗಳುಗಳಲ್ಲಿಯೇ ಮಾಡುವುದು, ಸೆಖೆಯಲ್ಲಿ ಅಂಟು ಕೊಳೆಯುತ್ತದೆಂಬ ಕಾರಣಕ್ಕೆ.

ಗೋಂದಿನ ಮಹತ್ವ ನನಗೆ ಮನದಟ್ಟಾದದ್ದು ಸುಂದರ ಬರವಣಿಗೆಯ ತರಗತಿಯೊಂದರಲ್ಲಿ. ಅಗಲ ನಿಬ್ಬಿನಿಂದ ‘ರ’ ಅಕ್ಷರವನ್ನು ಮತ್ತೆ ಮತ್ತೆ ಬರೆಯುತ್ತಿದ್ದೆ. ದಪ್ಪ ಗೆರೆ ದಪ್ಪವಾಗಿಯೇ ಬರುತ್ತಿತ್ತು, ಆದರೆ ತಿರುವಿನಲ್ಲಿ ಕೂದಲೆಳೆಯಷ್ಟು ಸಪೂರವಾಗಬೇಕಾದ ಕಡೆ ಗೆರೆ ಊದಿಕೊಂಡು, ದಪ್ಪ-ತೆಳುವಿನ ವ್ಯತ್ಯಾಸವೇ ಅಳಿದುಹೋಗುತ್ತಿತ್ತು. ವಯಸ್ಸಾದ ನಮ್ಮ ಶಿಕ್ಷಕಿ ಪಕ್ಕದಲ್ಲಿ ನಿಂತು ಬಹಳ ಹೊತ್ತು ನೋಡಿದರು. ಕೋನ ತಪ್ಪಾಗಿದೆ, ಒತ್ತಡ ಹೆಚ್ಚಾಗಿದೆ ಎಂಬ ಮಾತು ಬರುತ್ತದೆಂದು ನಾನು ಕಾಯುತ್ತಿದ್ದರೆ, ಅವರು ತಮ್ಮ ಮೇಜಿನಿಂದ ಗೋಂದಿನ ನೀರಿನ ಶೀಶೆಯನ್ನು ತಂದು, ಕೆಲವೇ ಹನಿಗಳನ್ನು ನನ್ನ ಶಾಯಿಗೆ ಬಿಟ್ಟು, ಕಡ್ಡಿಯಿಂದ ಕಲಕಿ, “ಈಗ ಬರೆಯಿರಿ, ಕೈ ಹೇಗಿತ್ತೋ ಹಾಗೆಯೇ ಇರಲಿ” ಎಂದರು. ಬರೆದೆ. ಅದೇ ಕೈ, ಅದೇ ನಿಬ್ಬು, ಅದೇ ಹಾಳೆ. ಸಪೂರ ಗೆರೆ ಸಪೂರವಾಗಿಯೇ ನಿಂತಿತು. “ಮೇಡಂ, ಇನ್ನೊಂದಿಷ್ಟು ಹಾಕಿದರೆ ಇನ್ನೂ ಚೆನ್ನಾಗುತ್ತದೆಯೇ?” ಎಂದು ಕೇಳಿದ್ದಕ್ಕೆ ಅವರು ನಕ್ಕು, ಶೀಶೆಯನ್ನೇ ನನ್ನ ಕೈಗಿತ್ತರು. ಇನ್ನೊಂದಿಷ್ಟು ಹಾಕಿದಾಗ ಶಾಯಿ ನಿಬ್ಬಿನ ಸೀಳಿನಿಂದ ಇಳಿಯಲು ತಕರಾರು ಮಾಡತೊಡಗಿತು, ಗೆರೆ ನಡುನಡುವೆ ಕಡಿದುಹೋಯಿತು.

ಈ ಕಲೆಯ ಅಳತೆಗಳೆಲ್ಲ ಲೇಖನಿಯ ಅಗಲವನ್ನೇ ಮಾನದಂಡವಾಗಿ ಇಟ್ಟುಕೊಂಡಿವೆ ಎಂಬುದನ್ನು ನೆನೆದರೆ ಆ ಹನಿಗಳ ಬೆಲೆ ತಿಳಿಯುತ್ತದೆ. ಹತ್ತನೆಯ ಶತಮಾನದ ಬಾಗ್ದಾದಿನಲ್ಲಿ ಮಂತ್ರಿಯೂ ಲಿಪಿಕಾರನೂ ಆಗಿದ್ದ ಇಬ್ನ್ ಮುಕ್ಲಾ, ಜೊಂಡಿನ ಲೇಖನಿಯನ್ನು ಹಾಳೆಗೆ ಓರೆಯಾಗಿ ಒತ್ತಿದಾಗ ಮೂಡುವ ವಜ್ರಾಕಾರದ ಚುಕ್ಕೆಯನ್ನು ಘಟಕವಾಗಿಸಿಕೊಂಡು ಅರಬ್ಬಿ ಅಕ್ಷರಗಳ ಪ್ರಮಾಣವನ್ನು ನಿಗದಿಪಡಿಸಿದನೆಂದು ಪರಂಪರೆ ಹೇಳುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಲಂಡನ್ನಿನಲ್ಲಿ ಅಗಲ ನಿಬ್ಬಿನ ಬರವಣಿಗೆಗೆ ಮರುಜೀವ ಕೊಟ್ಟ ಎಡ್ವರ್ಡ್ ಜಾನ್‌ಸ್ಟನ್, ಹತ್ತನೆಯ ಶತಮಾನದ ರ‍್ಯಾಮ್ಸಿ ಸಾಲ್ಟರ್ ಹಸ್ತಪ್ರತಿಯನ್ನು ಅಭ್ಯಾಸ ಮಾಡಿ ರೂಪಿಸಿದ ಲಿಪಿಯಲ್ಲಿ, ಸಣ್ಣಕ್ಷರದ ಎತ್ತರ ನಿಬ್ಬಿನ ಅಗಲದ ನಾಲ್ಕು ಪಟ್ಟು, ನಿಬ್ಬಿನ ಓರೆ ಸುಮಾರು 30 ಡಿಗ್ರಿ. ಚುಕ್ಕೆಯಾಗಲಿ ಅಗಲವಾಗಲಿ, ಶಾಯಿ ಹಾಳೆಯಲ್ಲಿ ಹರಡಿಕೊಂಡರೆ ಅಳತೆಗೋಲೇ ಉಬ್ಬಿದಂತೆ. ಅದರ ಮೇಲೆ ನಿಂತ ಲೆಕ್ಕವೆಲ್ಲ ಸಡಿಲವಾಗುತ್ತದೆ. ಬರವಣಿಗೆಯ ಕೈಪಿಡಿಗಳು ಕೋನಕ್ಕೆ ಕೊಡುವ ಪುಟಗಳಲ್ಲಿ ಒಂದಂಶವನ್ನಾದರೂ ಗೋಂದಿಗೆ ಕೊಟ್ಟಿದ್ದರೆ ಕಲಿಯುವವರ ಎಷ್ಟೋ ನಿರಾಶೆ ತಪ್ಪುತ್ತಿತ್ತು ಎಂದು ನನಗೆ ಅನ್ನಿಸುತ್ತದೆ.

ತೊಳೆಯುವುದು, ಕೆರೆಯುವುದು

ತಪ್ಪಾದಾಗ ಏನು ಮಾಡುತ್ತೇವೆ ಎಂಬಲ್ಲಿ ಈ ಎರಡು ಶಾಯಿಗಳ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಾಗುತ್ತದೆ. (ಓಲೆಗರಿಯಲ್ಲಿ ಕಂಟದಿಂದ ಮೊದಲು ಕೊರೆದು ಅನಂತರ ಮಸಿ ತುಂಬುವುದರಿಂದ ಅಲ್ಲಿನ ಲೆಕ್ಕವೇ ಬೇರೆ, ಅಕ್ಷರ ಮಸಿಗಿಂತ ಮೊದಲೇ ಆಗಿಹೋಗಿರುತ್ತದೆ.) ಕಾಡಿಗೆಯ ಶಾಯಿ ಮೇಲ್ಮೈಯಲ್ಲಿ ಕುಳಿತಿರುವುದರಿಂದ, ಪಪೈರಸ್ಸಿನಂಥ ಹಾಳೆಯಿಂದ ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಬಹುದಿತ್ತು. ಕಬ್ಬಿಣದ ಶಾಯಿಯನ್ನು ಹಾಗೆ ಒರೆಸಲಾಗದು, ಚರ್ಮಪತ್ರವನ್ನು ಚಾಕುವಿನಿಂದಲೇ ಕೆರೆಯಬೇಕು. ಕೆರೆದ ಮೇಲೂ ಒಳಗಿಳಿದ ಕಬ್ಬಿಣದ ಒಂದಂಶ ಅಲ್ಲಿಯೇ ಉಳಿಯುತ್ತದೆ. ಹತ್ತನೆಯ ಶತಮಾನದಲ್ಲಿ ನಕಲಾದ ಆರ್ಕಿಮಿಡೀಸನ ಕೃತಿಗಳ ಹಸ್ತಪ್ರತಿಯನ್ನು ಹದಿಮೂರನೆಯ ಶತಮಾನದಲ್ಲಿ ಕೆರೆದು, ಅದೇ ಚರ್ಮಪತ್ರದ ಮೇಲೆ ಪ್ರಾರ್ಥನಾ ಪುಸ್ತಕವೊಂದನ್ನು ಬರೆದಿದ್ದರು. ಈ ಶತಮಾನದ ಮೊದಲ ದಶಕದಲ್ಲಿ ಅದರ ಕೆಲವು ಪುಟಗಳನ್ನು ಸ್ಟ್ಯಾನ್‌ಫರ್ಡಿನ ಸಿಂಕ್ರೊಟ್ರಾನ್ ಕೇಂದ್ರದಲ್ಲಿ ಎಕ್ಸ್-ಕಿರಣಗಳಿಗೆ ಒಡ್ಡಿ, ಉಳಿದಿದ್ದ ಕಬ್ಬಿಣ ಹೊಮ್ಮಿಸುವ ಸಂಕೇತದಿಂದ ಅಳಿಸಿದ ಸಾಲುಗಳನ್ನು ಓದಲಾಯಿತು. ಕಾಗದವನ್ನು ತಿನ್ನುವ ಅದೇ ಸ್ವಭಾವದಿಂದ ಇಲ್ಲಿ ಪಠ್ಯ ಉಳಿಯಿತು.

ಕಾಡಿಗೆಗೆ ಈ ಅನುಕೂಲವಿಲ್ಲ. ಕ್ರಿ.ಶ. 79ರಲ್ಲಿ ವೆಸುವಿಯಸ್ ಜ್ವಾಲಾಮುಖಿ ಸ್ಫೋಟಿಸಿದಾಗ ಹರ್ಕ್ಯುಲೇನಿಯಂನಲ್ಲಿ ಕರಕಲಾದ ಪಪೈರಸ್ ಸುರುಳಿಗಳನ್ನು ಬಿಡಿಸದೆ ಓದುವ ಪ್ರಯತ್ನದಲ್ಲಿ ಎದುರಾದ ಮುಖ್ಯ ತೊಡಕು ಇದೇ: ಸುರುಳಿಯೂ ಇಂಗಾಲ, ಶಾಯಿಯೂ ಇಂಗಾಲ, ಎಕ್ಸ್-ಕಿರಣಕ್ಕೆ ಎರಡರ ನಡುವೆ ಭೇದ ಕಾಣುವುದಿಲ್ಲ. 2023ರಲ್ಲಿ ಆ ಬಾಗಿಲು ತೆರೆದದ್ದು ಶಾಯಿಯ ವಸ್ತುವಿನಿಂದ ಅಲ್ಲ, ಅದು ಕುಳಿತಿದ್ದ ರೀತಿಯಿಂದ. ಒಣಗಿದ ಶಾಯಿಯ ಪದರ ಪಪೈರಸ್ಸಿನ ಮೇಲೆ ಸಣ್ಣ ಬಿರುಕುಗಳ ಜಾಲದಂಥ ವಿನ್ಯಾಸವನ್ನು ಉಳಿಸಿತ್ತು, ಅದನ್ನು ಗುರುತಿಸಲು ಕಂಪ್ಯೂಟರಿಗೆ ಕಲಿಸಿದಾಗ ಅಕ್ಷರಗಳು ಒಂದೊಂದಾಗಿ ಮೂಡಿದವು. ಲಿಪಿಕಾರ ಲೇಖನಿಯಲ್ಲಿ ಶಾಯಿಯನ್ನು ಇನ್ನಷ್ಟು ತೆಳುವಾಗಿ ಎಳೆದಿದ್ದರೆ ಆ ಬಿರುಕುಗಳು ಇರುತ್ತಿದ್ದವೋ ಇಲ್ಲವೋ ಎಂದು ನಾನು ಒಮ್ಮೊಮ್ಮೆ ಯೋಚಿಸುತ್ತೇನೆ.

ಹೀಗಾಗಿ ಈಗೀಗ ಹಾಳೆಯ ಮುಂದೆ ಕುಳಿತಾಗ ನಾನು ಲಿಪಿಯನ್ನು ಮೊದಲು ಆರಿಸುವುದಿಲ್ಲ. ಉದ್ದನೆಯ ಪಠ್ಯವನ್ನು ನಕಲು ಮಾಡುವುದಿದ್ದರೆ, ದೊಡ್ಡ ಅಕ್ಷರ ಬೇಕಿದ್ದರೆ ಕಾಡಿಗೆ. ಆಗ ಅಗಲ ನಿಬ್ಬನ್ನು ತುಂಬಿಸಿ ಬರೆಯಲು ಅಳುಕಬೇಕಾಗಿಲ್ಲ, ಆದರೆ ಹಾಳೆಗೆ ನೀರು ತಾಗದಂತೆ ನೋಡಿಕೊಳ್ಳಬೇಕು, ಬರೆದು ಮುಗಿದ ಕೂಡಲೇ ನಿಬ್ಬನ್ನು ತೊಳೆಯಬೇಕು. ಸಣ್ಣ ಅಕ್ಷರದ ಪತ್ರವಾದರೆ ಕಬ್ಬಿಣದ ಶಾಯಿ, ಮೂರಕ್ಕೆ ಒಂದರ ಪ್ರಮಾಣದಲ್ಲಿ, ಸಪೂರ ನಿಬ್ಬಿನಲ್ಲಿ, ಸುಣ್ಣದ ಅಂಶವಿರುವ ಹತ್ತಿಯ ಕಾಗದದ ಮೇಲೆ, ಹುಟ್ಟುವ ಆಮ್ಲವನ್ನು ಅದು ಒಂದಿಷ್ಟಾದರೂ ಹೀರಿಕೊಳ್ಳಲಿ ಎಂದು. ಎರಡನ್ನೂ ಫೌಂಟನ್ ಪೆನ್ನಿಗೆ ತುಂಬಬಾರದು: ಕಾಡಿಗೆ ಅದರ ಕಿರುನಾಳಗಳಲ್ಲಿ ಗಟ್ಟಿಯಾಗುತ್ತದೆ, ಮನೆಯಲ್ಲಿ ಮಾಡಿದ ಕಬ್ಬಿಣದ ಶಾಯಿ ಉಕ್ಕಿನ ನಿಬ್ಬನ್ನು ಕೊರೆಯುತ್ತದೆ ಮತ್ತು ತಳದಲ್ಲಿ ಗಸಿ ಬಿಡುತ್ತದೆ. ಅದ್ದಿ ಬರೆಯುವ ನಿಬ್ಬಾದರೆ ಹಾಳಾದಾಗ ಬದಲಿಸಿದರಾಯಿತು.